ಮುತ್ತುಗದ ಮರ ಚಳಿಯನ್ನು ಓಡಿಸಿದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಗುಡ್ಡಗಳಿಗೆ ಆಗಷ್ಟೇ ಕೂರಲು ಜಾಗ ಸಿಕ್ಕಿತ್ತು. ಹಳ್ಳ ಮಾತಾಡುತ್ತಿತ್ತು, ಮರ ಮಾತಾಡುತ್ತಿತ್ತು, ಮಾಗಿಯ ಚಳಿಯೂ ಮಾತಾಡುತ್ತಿತ್ತು. ಅದರ ಮಾತು ಮಾತ್ರ ಯಾರಿಗೂ ಬೇಡವಾಗಿತ್ತು.

ಆಗ ಮುತ್ತುಗದ ಮರ ವರ್ಷವಿಡೀ ಹಸಿರಾಗಿರುತ್ತಿತ್ತು. ಹೂ ಬಿಡುವುದು ಅದಕ್ಕೆ ಗೊತ್ತೇ ಇರಲಿಲ್ಲ. ಅಂಥದ್ದೊಂದು ಮರ ಹೊಳೆವ್ವನ ಹಿತ್ತಿಲಿನಲ್ಲಿತ್ತು. ಹೊಳೆವ್ವ ಹಸಿ ಬಾಣಂತಿ. ಅವಳ ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ.

ಮಾಗಿ ಮುಗಿಯುತ್ತ ಬಂದರೆ ಅವಳ ಊರಿನವರಿಗೆ ಕೈತುಂಬ ಕೆಲಸ. ಹೊದ್ದು ಹೊದ್ದು ಮಾಸಿದ ಕೌದಿಗಳ ಹೊಲಿಗೆ ಬಿಚ್ಚಬೇಕು, ಚಿಂದಿಯನ್ನೆಲ್ಲ ಹಳ್ಳದಲ್ಲಿ ಒಗೆದು ಒಣಗಿಸಬೇಕು, ಮತ್ತೆ ಹೊಲಿಯಬೇಕು. ಬಿರುಕು ಬಿಟ್ಟ ಒಲೆಗೆ ಹೊಸ ಮಣ್ಣು ಮೆತ್ತಬೇಕು. ಒಳ್ಳೆಯ ಕೆಲಸವೇ. ಆದರೆ ಒಂದು ದಿನ ಬಿಸಿಲು ಬೆನ್ನಿಗೆ ಹಿತವಾಗಿ ತಾಗಿತು ನೋಡಿ, ಇಡೀ ಊರಿಗೆ ಹುರುಪು ಬಂದುಬಿಟ್ಟಿತು. ಎಲ್ಲರೂ ಎಲ್ಲ ಕೌದಿಗಳನ್ನೂ ಒಟ್ಟಿಗೇ ಬಿಚ್ಚಿ ಹಳ್ಳಕ್ಕೆ ಹಾಕಿದರು. ಎಲ್ಲ ಒಲೆಗಳನ್ನೂ ಆರಿಸಿ ಮಣ್ಣು ಮೆತ್ತಿದರು; ಮತ್ತೆ ಹಚ್ಚಲು ಊರಲ್ಲಿ ಒಂದು ಕೆಂಡವೂ ಉಳಿಯಲಿಲ್ಲ.

“ಒಂದಾದ್ರೂ ಕೌದಿ ಇಟ್ಕೊಳ್ಳವ್ವಾ, ಹಸಿ ಬಾಣಂತಿ ನೀನು,” ಎಂದಳು ಅತ್ತೆ ಕಲ್ಲವ್ವ.

“ಚಳಿ ಹೋತಲ್ರೀ ಅತ್ತಿ. ಬಿಸಲ ಹೆಂಗ ಬಿದ್ದೈತಿ ನೋಡ್ರಿ!” ಹೊಳೆವ್ವ ನಕ್ಕು, ಕೂಸಿನ ಪುಟ್ಟ ಕೌದಿಯ ಹೊಲಿಗೆಯನ್ನೂ ಬಿಚ್ಚಿ ಅತ್ತೆಯ ಕೈಗೆ ಕೊಟ್ಟಳು.

ಚಳಿ ಎಲ್ಲಿ ಹೋಗಿತ್ತು? ಗುಡ್ಡದ ಹಿಂದೆ ಮಲಗಿತ್ತು, ಅಷ್ಟೆ. ಹೊತ್ತು ಮುಳುಗುವಾಗ ಎದ್ದು ಊರಿನತ್ತ ನೋಡಿತು. ಎಲ್ಲೂ ಹೊಗೆಯಿಲ್ಲ. ಹಳ್ಳದ ದಂಡೆಯ ತುಂಬ ಒದ್ದೆ ಚಿಂದಿ.

ಅದು ಮೆಲ್ಲಗೆ ಇಳಿದು ಬಂತು. ಮೊದಲ ಮನೆಯ ಬಾಗಿಲಲ್ಲಿ ನಿಂತು ಕೇಳಿತು: “ಒಲಿ ಆರೇತೇನು? ಕೌದಿ ಬಿಚ್ಚೀರೇನು?”

ಒಳಗಿನವರು ಒಬ್ಬರಿಗೊಬ್ಬರು ಅಂಟಿಕೊಂಡು ಕೂತರು. ಆ ಮನೆಯ ಆಡಿನ ಮರಿ ಒಮ್ಮೆ ಕೂಗಿ ಸುಮ್ಮನಾಯಿತು.

ಮುಂದಿನ ಮನೆಯಲ್ಲೂ ಅದೇ ಮಾತು. “ಒಲಿ ಆರೇತೇನು? ಕೌದಿ ಬಿಚ್ಚೀರೇನು?” ಅಲ್ಲಿ ಗೂಡಿನ ಕೋಳಿಗಳು ಸುಮ್ಮನಾದವು.

ದನಿ ಹತ್ತಿರ ಹತ್ತಿರ ಬರುವುದು ಹೊಳೆವ್ವನಿಗೆ ಕೇಳಿಸಿತು. ಕೂಸಿನ ಪಾದ ಮುಟ್ಟಿದಳು. ತಣ್ಣಗಿತ್ತು. ಎದೆಗೆ ಒತ್ತಿಕೊಂಡಳು. ಅದು ಬಾಯಿ ತೆರೆಯಲಿಲ್ಲ.

“ಅತ್ತೀ, ಕೂಸು ಹಾಲು ಕುಡೀವಲ್ದು!”

ಕೂಸನ್ನು ಕಲ್ಲವ್ವನ ಸೆರಗಿನೊಳಗೆ ಇಟ್ಟು, ಹೊಳೆವ್ವ ಹಿತ್ತಿಲಿಗೆ ಓಡಿದಳು.

“ಮುತ್ತಗದವ್ವಾ, ನಿನ್ನ ಎಲಿ ಕೊಡು. ಕೂಸಿಗೆ ಹೊಚ್ಚಾಕ ಏನೂ ಇಲ್ಲ.”

“ನನಗೂ ಚಳಿ ಅಂದ್ರ ಅಂಜಿಕಿ ತಾಯಿ,” ಎಂದಿತು ಮರ. “ಎಲಿ ಕೊಟ್ರ ನಾ ಬತ್ತಲೆ ನಿಂದ್ರಬೇಕು.”

ಅಷ್ಟರಲ್ಲಿ ಪಕ್ಕದ ಓಣಿಯಿಂದ ಕೇಳಿತು: “ಒಲಿ ಆರೇತೇನು? ಕೌದಿ ಬಿಚ್ಚೀರೇನು?”

ಮರ ಕೊಂಬೆ ತಗ್ಗಿಸಿತು.

ಹೊಳೆವ್ವ ಎಲೆ ಕಿತ್ತಳು. ಕಿತ್ತಲ್ಲೆಲ್ಲ ಕೆಂಪು ರಸ ಒಸರಿತು. ಊಟದ ಎಲೆ ಹಚ್ಚುವ ಹಾಗೆ ಕಡ್ಡಿ ಚುಚ್ಚಿ ಚುಚ್ಚಿ, ಅತ್ತೆ ಸೊಸೆ ಎಲೆಗೆ ಎಲೆ ಸೇರಿಸಿದರು. ಅವಸರದಲ್ಲಿ ಕಡ್ಡಿ ಬೆರಳಿಗೇ ಚುಚ್ಚಿತು. ಆ ಎಲೆಯ ಕೌದಿಯನ್ನು ಕೂಸಿಗೆ ಸುತ್ತಿ, ಆಚೆಗೊಬ್ಬರು ಈಚೆಗೊಬ್ಬರು ಒತ್ತಿಕೊಂಡು ಮಲಗಿದರು.

ಚಳಿಗೆ ಅವಸರವಿರಲಿಲ್ಲ. ಒಂದೊಂದೇ ಮನೆಯಲ್ಲಿ ಕೂತು ಎದ್ದು, ನಸುಕಿನಲ್ಲಿ ಹೊಳೆವ್ವನ ಹಿತ್ತಿಲಿಗೆ ಬಂತು. ಬರಿಮೈಯ ಮರವನ್ನು ಕಂಡು ನಕ್ಕಿತು.

“ನಿನ್ನ ಮುಗಿಸಿ ಒಳಗ ಹೋಗ್ತೀನಿ.”

ಹೊಳೆವ್ವ ಕಿಂಡಿಯಿಂದ ನೋಡುತ್ತಿದ್ದಳು. ಮರಕ್ಕೆ ಎಂಥ ಹೆದರಿಕೆಯಾಯಿತೆಂದರೆ, ಅದರ ಮೈಯ ಕೆಂಪು ರಸವೆಲ್ಲ ಕೊಂಬೆಗಳ ತುದಿಗೆ ನುಗ್ಗಿತು. ಎಲೆ ಕಿತ್ತ ಗಾಯಗಳು ಉಬ್ಬಿದವು, ಬಿರಿದವು. ನೋಡನೋಡುತ್ತ ಮರದ ತುಂಬ ಕೆಂಪೋ ಕೆಂಪು.

ಚಳಿ ಸರಕ್ಕನೆ ಹಿಂದೆ ಸರಿಯಿತು.

“ಕೆಂಡ! ಒಲಿ ಆರಿಸಿಲ್ಲ ಇವರು, ಮರದ ಮ್ಯಾಲ ಹಚ್ಯಾರ!” ಎಂದು ಕಿರುಚಿ, ಬಿದ್ದೆನೋ ಎದ್ದೆನೋ ಎಂದು ಗುಡ್ಡದ ಕಡೆ ಓಡಿತು. ಅವು ಬರೀ ಹೂವೆಂದು ಮರ ಬಾಯಿ ಬಿಡಲಿಲ್ಲ.

ಒಳಗೆ ಎಲೆಯ ಕೌದಿ ಚರಪರ ಸದ್ದು ಮಾಡಿತು. ಕೂಸು ಕಾಲು ಒದ್ದಿತ್ತು. ಹಾಲಿಗಾಗಿ ಅದು ಅಳತೊಡಗಿದಾಗ ಹೊಳೆವ್ವನೂ ಜೋರಾಗಿ ಅತ್ತುಬಿಟ್ಟಳು.

ಅದಕ್ಕೇ ಇಂದಿಗೂ ಮಾಗಿ ಮುಗಿಯುವ ಹೊತ್ತಿಗೆ ಮುತ್ತುಗದ ಮರ ಎಲೆಯೆಲ್ಲ ಕಳಚಿ, ಮೈತುಂಬ ಕೆಂಪು ಹೊತ್ತು ನಿಲ್ಲುತ್ತದೆ. ಆ ಕೆಂಪನ್ನು ಕಂಡ ಮೇಲೆಯೇ ಆ ಊರಿನ ಹೆಂಗಸರು ಮನೆಯ ಕೊನೆಯ ಕೌದಿ ಬಿಚ್ಚುತ್ತಾರೆ. ನೀನೂ ಒಂದು ಹೂವನ್ನು ಮುಟ್ಟಿ ನೋಡು ಮಗೂ, ತಣ್ಣಗಿರುತ್ತದೆ. ಆದರೆ ಅದನ್ನು ಜೋರಾಗಿ ಹೇಳಬೇಡ. ಚಳಿ ಗುಡ್ಡದ ಹಿಂದೆಯೇ ಕೂತಿರುತ್ತದೆ.