ಸದ್ದಿಲ್ಲದ ದಿಕ್ಕು

ಅರಸರ ಬೇಟೆ ಬಂಗಲೆಯ ಗೋಡೆಯಲ್ಲಿ ಒಂದು ಹುಲಿಯ ತಲೆ ಇತ್ತು. ಅದರ ಕೆಳಗೆ ಮೊಳೆಯಲ್ಲಿ ಒಂದು ತಮಟೆ ತೂಗುತ್ತಿತ್ತು. ತಮಟೆ ಬಡಿದು ಮೃಗಗಳನ್ನು ಎಬ್ಬಿಸುವವರಿಗೆಂದೇ ಅರಸರು ಬಂಗಲೆಯ ಪಕ್ಕ ಒಂದು ಕೇರಿ ಕಟ್ಟಿಸಿದ್ದರು.

"ಈ ಕೇರಿ ಹುಟ್ಟಿದ್ದೇ ನನ್ನಿಂದ. ನಾನು ಗುಡುಗಿದರೆ ಕಾಡೇ ಎದ್ದು ಓಡುತ್ತಿತ್ತು" ಎಂದಿತು ತಮಟೆ.

"ಬಲ್ಲೆ" ಎಂದಿತು ಹುಲಿ. "ನೀವು ಮೂರು ದಿಕ್ಕಿನಲ್ಲಿ ಬಡಿದಿರಿ, ಒಂದು ದಿಕ್ಕನ್ನು ಸುಮ್ಮನೆ ಬಿಟ್ಟಿರಿ. ಸದ್ದಿಲ್ಲದ ಕಡೆ ಜೀವ ಉಳಿಯುತ್ತದೆಂದು ನಂಬಿ ಓಡಿದೆ. ಅಲ್ಲಿ ಅರಸರ ಬಂದೂಕು ಕಾದಿತ್ತು."

ಕಾಲ ಸರಿದು ಕಾಡಿನಲ್ಲಿ ಮೃಗಗಳು ಮುಗಿದವು. ಬೇಟೆಯೇ ಇಲ್ಲದ ಮೇಲೆ ಕೇರಿಯೇಕೆ ಎಂದ ಅರಸರ ಮೊಮ್ಮಗ. ಅವನ ಅಪ್ಪಣೆಯಂತೆ ಕೇರಿಯ ಬೊಳ್ಳನೆಂಬವನು ತಮಟೆಯನ್ನು ಇಳಿಸಿಕೊಂಡು ಹೋದ. ಸಂಜೆ ತಂದು ಮತ್ತೆ ಮೊಳೆಗೆ ಸಿಕ್ಕಿಸಿದ.

"ಇಂದು ಯಾವ ಮೃಗ?" ಎಂದು ಕೇಳಿತು ಹುಲಿ.

"ಮೃಗವಲ್ಲ, ಕೇರಿ. ಮೂರು ದಿಕ್ಕಿನಿಂದಲೂ ಬಡಿದೆವು. ಕೇರಿಯವರು ಮಕ್ಕಳನ್ನು ಕಂಕುಳಲ್ಲೆತ್ತಿಕೊಂಡು ಸದ್ದಿಲ್ಲದ ಕಡೆ ಓಡಿದರು."

"ಅಲ್ಲಿ ಬಂದೂಕಿತ್ತೇ?"

"ಇಲ್ಲ. ನೆರಳಿರಲಿಲ್ಲ, ನೀರಿರಲಿಲ್ಲ. ಏನೂ ಇರಲಿಲ್ಲ."

"ನಿನ್ನನ್ನು ಬಡಿದವನು?"

"ಅವನ ಗುಡಿಸಲೂ ಅದೇ ಕೇರಿಯಲ್ಲಿತ್ತಲ್ಲ. ನನ್ನನ್ನು ಇಲ್ಲಿ ತೂಗುಹಾಕಿ ಅವನೂ ಅತ್ತಲೇ ಹೋದ."