ಹದ್ದುಗಳೆಲ್ಲ ಒಂದೇ ಕಡೆಗೆ ಸುತ್ತುವುದು ಏಕೆ

ಆಕಾಶಕ್ಕೆ ಬಳಿದ ನೀಲಿ ಇನ್ನೂ ಒಣಗಿರಲಿಲ್ಲ. ಬೆಟ್ಟಗಳು ಬಂದು ಕೂತು ನಾಲ್ಕು ದಿನವಾಗಿತ್ತಷ್ಟೆ; ಕಾಲು ಜೋಮು ಹಿಡಿದಾಗ ಆಗಾಗ ಸರಿದು ಕೂರುತ್ತಿದ್ದವು. ಹೊಳೆಗೆ ತಾನು ಯಾವ ಕಡೆ ಹರಿಯಬೇಕೆಂಬುದು ಆಗಷ್ಟೇ ಗೊತ್ತಾಗಿತ್ತು.

ಆ ಕಾಲದಲ್ಲಿ ಹಕ್ಕಿಗಳೆಲ್ಲ ಒಂದೇ ರೀತಿ ಹಾರುತ್ತಿದ್ದವು. ರೆಕ್ಕೆ ಬಡಿ, ಮುಂದೆ ಹೋಗು. ಬಡಿಯುವುದನ್ನು ನಿಲ್ಲಿಸಿದರೆ ಬೀಳು. ಗುಬ್ಬಿಯೂ ಹಾಗೇ, ಹದ್ದೂ ಹಾಗೇ.

ಒಂದು ಹಾಸುಬಂಡೆಯ ಮೇಲೆ ಕೆಂಚವ್ವ ಎಂಬ ಹದ್ದು ಇದ್ದಳು. ಅವಳ ಹೊಟ್ಟೆಯಲ್ಲಿ ಮೊಟ್ಟೆ ಇತ್ತು. ಅಂದು ಸಂಜೆಗೆಲ್ಲ ಇಡಲೇಬೇಕು. ಇಡುವುದೆಲ್ಲಿ? ಹೊಳೆಯ ಈಚೆ ಮೊಣಕಾಲುದ್ದದ ಗಿಡ ಬಿಟ್ಟರೆ ಒಂದು ಮರವಿಲ್ಲ. ಹೋದ ಸಲ ಬಂಡೆಯ ಮೇಲೆ ಇಟ್ಟಿದ್ದ ಮೊಟ್ಟೆಯನ್ನು ಉಡ ನುಂಗಿ, ಬಾಯಿ ಒರೆಸಿಕೊಂಡು, "ಉಪ್ಪು ಸ್ವಲ್ಪ ಕಡಿಮೆ" ಎಂದು ಹೇಳಿ ಹೋಗಿತ್ತು.

ಅವತ್ತು ಬೆಳಿಗ್ಗೆ ಗಾಳಿ ಸುದ್ದಿ ತಂದಿತು. "ಹೊಳೆಯಾಚೆ ಏಳು ದಿಬ್ಬ ದಾಟಿದರೆ ಒಂದು ಬೂರುಗದ ಮರ ಎದ್ದಿದೆ. ಕಾಂಡದ ತುಂಬ ಮುಳ್ಳು, ಉಡ ಹತ್ತುವ ಮಾತೇ ಇಲ್ಲ. ಹೊತ್ತು ಮುಳುಗುವುದರೊಳಗೆ ಯಾರು ಮೊದಲು ಬರುತ್ತಾರೋ ತುದಿ ಕೊಂಬೆ ಅವರದು ಅಂತ ಮರವೇ ಹೇಳಿ ಕಳಿಸಿದೆ."

ಹಕ್ಕಿಗಳೆಲ್ಲ ಎದ್ದವು. ಗಿಡುಗ ಎದೆ ಉಬ್ಬಿಸಿ, "ನಾನು ಬಾಣದ ಹಾಗೆ ಹೋಗ್ತೀನಿ, ನೀವು ನಿಧಾನಕ್ಕೆ ಬನ್ನಿ" ಎಂದು ಹೊರಟಿತು.

ಕೆಂಚವ್ವನ ನಾದಿನಿ ನಿಂಗಿಯೂ ರೆಕ್ಕೆ ಕೊಡವಿಕೊಂಡಳು. "ಏಳು ಅತ್ತಿಗೆ. ಕೂತಿದ್ದರೆ ಮರ ನಡೆದುಕೊಂಡು ನಿನ್ನ ಹತ್ತಿರ ಬರೋದಿಲ್ಲ."

ಕೆಂಚವ್ವ ಹಾರಿದಳು. ಹತ್ತು ಸಲ ರೆಕ್ಕೆ ಬಡಿಯುವಷ್ಟರಲ್ಲಿ ಉಸಿರು ಕಟ್ಟಿತು. ತಿರುಗಿ ಬಂಡೆಯ ಮೇಲೇ ಕೂತಳು.

"ಹೊಟ್ಟೆಯಲ್ಲಿರೋದು ಮೊಟ್ಟೆಯೋ ಗುಂಡುಕಲ್ಲೋ?" ಎಂದು ನಕ್ಕು ನಿಂಗಿ ಹಾರಿಹೋದಳು.

ಬಂಡೆಯ ಬಿರುಕಿನಿಂದ ಉಡ ತಲೆ ಹಾಕಿತು. "ಅವಸರ ಯಾಕೆ ತಾಯಿ? ಇಲ್ಲೇ ಇಡು. ಈ ಸಲ ಉಪ್ಪು ನಾನೇ ತಂದಿದ್ದೀನಿ."

"ನಿನ್ನ ನಾಲಿಗೆ ಎರಡಾಗಿ ಸೀಳಿರೋದು ಸಾಲದು, ನಾಲ್ಕಾಗಬೇಕಿತ್ತು" ಎಂದಳು ಕೆಂಚವ್ವ. ಬಾಯಿ ಜೋರಾಗಿತ್ತು, ಕಾಲು ಮಾತ್ರ ಬಿರುಕಿನಿಂದ ದೂರ ಸರಿಯುತ್ತಿತ್ತು.

ಹೊತ್ತು ಏರಿತು. ಬಂಡೆ ಕಾಯತೊಡಗಿತು. ಕೆಂಚವ್ವ ಒಂದು ಕಾಲೆತ್ತಿದಳು, ಅದನ್ನಿಟ್ಟು ಇನ್ನೊಂದು ಕಾಲೆತ್ತಿದಳು.

"ಸ್ವಲ್ಪ ಜರುಗಮ್ಮ," ಎಂದಿತು ಬಂಡೆ. "ನನ್ನ ಮಗ ಏಳೋ ಹೊತ್ತು."

"ಯಾರು ನಿನ್ನ ಮಗ?"

"ಬಿಸಿಗಾಳಿ. ಅವನ ಅಪ್ಪ ಬಿಸಿಲು, ಅವ್ವ ನಾನು. ಬೆಳಿಗ್ಗೆ ಎಷ್ಟು ಕೂಗಿದರೂ ಏಳೋದಿಲ್ಲ, ಮಗ್ಗುಲು ಬದಲಿಸ್ತಾನೆ. ಬಿಸಿಲು ಬಂದು ಬೆನ್ನು ಸುಟ್ಟ ಮೇಲೆ ಎದ್ದು, ನೆಟ್ಟಗೆ ಮೇಲಕ್ಕೆ ಓಡ್ತಾನೆ. ಮುಖವೂ ತೊಳೆಯೋದಿಲ್ಲ."

ಹೇಳುತ್ತಿದ್ದಂತೆ ಒಣಗಿದ ಎಲೆಯೊಂದು ಬಂಡೆಯಿಂದ ಮೇಲೆದ್ದಿತು. ಕೆಂಚವ್ವ ಅದರ ಹಿಂದೆಯೇ ರೆಕ್ಕೆ ಬಿಚ್ಚಿದಳು. ಯಾರೋ ಹೊಟ್ಟೆಯ ಕೆಳಗೆ ಕೈಯಿಟ್ಟು ಎತ್ತಿದ ಹಾಗಾಯಿತು. ರೆಕ್ಕೆ ಬಡಿಯಲೇ ಇಲ್ಲ, ಆದರೂ ಏರುತ್ತಿದ್ದಳು. ಖುಷಿಯಿಂದ ನೇರ ಹೊಳೆಯ ಕಡೆ ಮುಖ ಮಾಡಿದಳು. ತಕ್ಷಣ ಕೆಳಕ್ಕೆ ಜಾರಿದಳು.

ತಿರುಗಿ ಬಂದಳು. ತಿರುಗಿ ಏರಿದಳು. ತಿರುಗಿ ಜಾರಿದಳು.

"ದೊಡ್ಡವ್ವ, ನಾನು ಬಾವಿ ಇದ್ದ ಹಾಗೆ," ಎಂದಿತು ಬಿಸಿಗಾಳಿ. "ಉದ್ದ ಇದ್ದೀನಿ, ಅಗಲ ಇಲ್ಲ. ನೀನು ನೆಟ್ಟಗೆ ಹೋದರೆ ನನ್ನಿಂದ ಆಚೆ ಬೀಳ್ತೀಯ. ನನ್ನೊಳಗೇ ಸುತ್ತು."

"ಇದ್ದಲ್ಲೇ ಸುತ್ತುತ್ತಿದ್ದರೆ ಮರ ಮುಟ್ಟೋದು ಯಾವಾಗ?"

"ಮೊದಲು ಎತ್ತರ. ದೂರ ಆಮೇಲೆ."

ಕೆಂಚವ್ವ ಒಂದು ರೆಕ್ಕೆ ವಾಲಿಸಿದಳು. ಬೀಸುವ ಕಲ್ಲಿನ ಹಾಗೆ ಸುತ್ತಿದಳು, ಸುತ್ತಿದಳು, ಸುತ್ತುತ್ತ ಏರಿದಳು. ಹಾಸುಬಂಡೆ ರೊಟ್ಟಿಯಷ್ಟಾಯಿತು. ಉಡ ಹರಿದ ದಾರದ ತುಂಡಿನಷ್ಟಾಯಿತು. ಬಿಸಿಗಾಳಿಗೆ ಸುಸ್ತಾಗಿ ಎತ್ತುವುದು ನಿಧಾನವಾದಾಗ, ಅವಳು ರೆಕ್ಕೆ ಚಾಚಿ ಹೊಳೆಯ ಕಡೆ ಜಾರಿದಳು.

ಹೊಳೆಯ ಮೇಲೆ ಗಾಳಿ ತಣ್ಣಗಿತ್ತು. "ಎತ್ತುವ ಕೆಲಸ ನನಗೆ ಬರೋದಿಲ್ಲಮ್ಮ," ಎಂದಿತು ಹೊಳೆ. "ಇಳಿಯೋದಾದರೆ ಇಳಿ, ಮೀನಿದೆ."

ಕೆಳಗೆ ಮರಳಿನ ಮೇಲೆ, ಸುಸ್ತಾಗಿ ಇಳಿದ ಉಳಿದ ಹಕ್ಕಿಗಳ ನಡುವೆ, ಗಿಡುಗ ನಾಲಿಗೆ ಹೊರಗೆ ಹಾಕಿಕೊಂಡು ಕೂತಿತ್ತು. ಬೆಳಗಿನಿಂದ ಬಡಿದ ರೆಕ್ಕೆ ಇನ್ನು ಏಳುತ್ತಿರಲಿಲ್ಲ.

"ಏನಪ್ಪ ಬಾಣ, ಇಲ್ಲೇ ನೆಟ್ಟುಕೊಂಡೆಯಾ?" ಎಂದು ಕೇಳಿ ಕೆಂಚವ್ವ ಮುಂದೆ ಹೋದಳು.

ಆದರೆ ಹೊಳೆ ದಾಟುವಷ್ಟರಲ್ಲಿ ಅವಳ ಎತ್ತರವೆಲ್ಲ ಮುಗಿದಿತ್ತು. ಇನ್ನು ನಾಲ್ಕು ಆಳೆತ್ತರ ಇಳಿದರೆ ನೆಲ. ನೆಲಕ್ಕೆ ಕೂತರೆ ಈ ಹೊಟ್ಟೆ ಹೊತ್ತು ಮತ್ತೆ ಏಳುವುದಿಲ್ಲ. ಆಚೆ ದಡದಲ್ಲೂ ಉಡಗಳಿಗೆ ಬರವಿರಲಿಲ್ಲ. ಕೆಂಚವ್ವ ಸುತ್ತಲೂ ನೋಡಿದಳು. ಒಂದು ಕಡೆ ಎಕ್ಕದ ಕಾಯಿ ಒಡೆದು, ಅದರ ಹತ್ತಿ ಮೆಲ್ಲಗೆ ಮೇಲಕ್ಕೆ ಹೋಗುತ್ತಿತ್ತು. ಅಲ್ಲಿಗೆ ನುಗ್ಗಿದಳು.

ಇತ್ತು, ಬಿಸಿಗಾಳಿ ಇತ್ತು. ಆದರೆ ಇನ್ನೂ ತೊಟ್ಟಿಲ ಕೂಸು. ಅರ್ಧ ಸುತ್ತು ಎತ್ತುತ್ತಿತ್ತು, ಇನ್ನರ್ಧ ಸುತ್ತಿನಲ್ಲಿ ಬೀಳಿಸುತ್ತಿತ್ತು. ಯಾವ ಅರ್ಧ ಒಳ್ಳೆಯದು ಎಂದು ತಿಳಿಯುವಷ್ಟರಲ್ಲಿ ಆ ಅರ್ಧ ದಾಟಿಹೋಗಿರುತ್ತಿತ್ತು. ಏರಲೂ ಇಲ್ಲ, ಇಳಿಯಲೂ ಇಲ್ಲ. ಹೊತ್ತು ಮಾತ್ರ ಇಳಿಯುತ್ತಿತ್ತು.

ದಿಬ್ಬದ ಮೇಲೆ ತೇಕುತ್ತ ಕೂತಿದ್ದ ನಿಂಗಿ ಇದನ್ನು ನೋಡಿದಳು. ಅತ್ತಿಗೆ ರೆಕ್ಕೆಯನ್ನೇ ಬಡಿಯುತ್ತಿಲ್ಲ, ಬೀಳುತ್ತಲೂ ಇಲ್ಲ. ಇದೇನೆಂದು ಎದ್ದು ಬಂದು ಅದೇ ಜಾಗಕ್ಕೆ ನುಗ್ಗಿದಳು. ಕೆಂಚವ್ವ ಎಡಕ್ಕೆ ಸುತ್ತುತ್ತಿದ್ದರೆ ಈ ಮಹಾತಾಯಿ ಬಲಕ್ಕೆ. ಎದುರುಬದುರು ಬಂದು, ರೆಕ್ಕೆಗೆ ರೆಕ್ಕೆ ಸವರಿ, ಎರಡು ಗರಿ ಉದುರಿದವು.

"ಕಣ್ಣನ್ನ ಮನೇಲಿ ಬಿಟ್ಟು ಬಂದಿದ್ದೀಯಾ? ನನ್ನ ಮೊಟ್ಟೆ ಒಡೆದಿದ್ದರೆ?"

"ನನಗೆ ಬಲಕ್ಕೆ ತಿರುಗೋದೇ ಅಭ್ಯಾಸ ಅತ್ತಿಗೆ."

"ನಿನ್ನ ಅಭ್ಯಾಸ ನಿನ್ನ ಅಣ್ಣನ ಹತ್ತಿರ ಹೇಳು. ಇಲ್ಲಿಗೆ ಮೊದಲು ಬಂದವಳು ನಾನು. ನಾನು ಸುತ್ತೋ ಕಡೆ ಸುತ್ತು. ಆಗದಿದ್ದರೆ ನಡಿ."

ನಿಂಗಿ ಎಡಕ್ಕೆ ತಿರುಗಿದಳು. ಈಗ ಸುತ್ತಿನ ಒಂದು ಬದಿಗೆ ಕೆಂಚವ್ವ, ಅದರ ಎದುರು ಬದಿಗೆ ನಿಂಗಿ. ಇದ್ದಕ್ಕಿದ್ದಂತೆ ನಿಂಗಿ ಒಂದಾಳೆತ್ತರ ಮೇಲಕ್ಕೆ ಹೋದಳು. "ಅತ್ತಿಗೆ, ಇಲ್ಲಿ ಎತ್ತುತ್ತಿದೆ."

ಕೆಂಚವ್ವನಿಗೆ ಹೊಳೆಯಿತು. ಒಬ್ಬಳೇ ಇದ್ದಾಗ ಕಾಣದ ಗಾಳಿ, ಇಬ್ಬರಿದ್ದರೆ ಕಾಣುತ್ತದೆ. ಎದುರಿನವಳು ಏರಿದರೆ ಸುತ್ತನ್ನು ಅವಳ ಕಡೆ ಸರಿಸಬೇಕು. ಅವಳು ಬಿದ್ದರೆ ಈಚೆ ಎಳೆಯಬೇಕು. ಆದರೆ ಒಂದು ಅಳುಕು. ನಿಂಗಿ ಹಗುರ. ತಾನು ಹೇಳಿಕೊಟ್ಟರೆ ಅವಳೇ ಮೊದಲು ಏರಿ ಕೊಂಬೆ ಹಿಡಿದುಬಿಟ್ಟರೆ? ಮುಂದಿನ ಸುತ್ತಿನಲ್ಲಿ ತನ್ನ ಬದಿಯೇ ಏರಿತು. ಸುಮ್ಮನಿರಲೇ? ಸುಮ್ಮನಿದ್ದರೆ ಅವಳೂ ಸುಮ್ಮನಾಗುತ್ತಾಳೆ, ಇಬ್ಬರೂ ನೆಲಕ್ಕೆ, ಮೊಟ್ಟೆ ಉಡದ ಬಾಯಿಗೆ.

"ಈಗ ಇಲ್ಲಿ ಬಾರೇ," ಎಂದು ಕೂಗಿದಳು.

"ಈಗ ಇಲ್ಲಿ ಅತ್ತಿಗೆ."

"ಇಲ್ಲಿ."

"ಇಲ್ಲಿ."

ಕೂಗಾಡುತ್ತ, ಸರಿಯುತ್ತ, ಸುತ್ತುತ್ತ ಇಬ್ಬರೂ ಏರಿದರು. ಏಳು ದಿಬ್ಬಗಳೂ ಕೆಳಗೆ ಚಪ್ಪಟೆಯಾದವು. ದೂರದಲ್ಲಿ ಬೂರುಗದ ಕೆಂಪು ಹೂವು ಕಂಡಿತು.

ಕಂಡದ್ದೇ ತಡ, ನಿಂಗಿ ಹೊರಟೇಬಿಟ್ಟಳು. ಕೆಂಚವ್ವನ ರೆಕ್ಕೆಯೂ ತುಡಿಯಿತು. ಆದರೆ ಹೊಳೆ ಕಲಿಸಿದ ಪಾಠ ಇನ್ನೂ ಹಸಿಯಾಗಿತ್ತು. "ಇನ್ನೂ ಮೂರು ಸುತ್ತು," ಎಂದು ತನಗೇ ಹೇಳಿಕೊಂಡಳು. ಒಂದು. ಎರಡು. ಮೂರು. ಆಮೇಲೆ ಮರದ ಕಡೆ ಮೂಗು ಬಗ್ಗಿಸಿದಳು.

ಏರುವಾಗ ಕಾಡಿದ ಭಾರವೇ ಈಗ ಇಳಿಜಾರಿನ ಬಂಡಿಯಾಯಿತು. ಹಗುರ ಹಕ್ಕಿ ತೇಲುತ್ತದೆ, ತೂಕದ ಹಕ್ಕಿ ನುಗ್ಗುತ್ತದೆ. ಮುಂದೆ ನಿಂಗಿ, ಎತ್ತರವೆಲ್ಲ ಮುಗಿದು, ಪಟಪಟ ರೆಕ್ಕೆ ಬಡಿಯುತ್ತಿದ್ದಳು.

"ಗುಂಡುಕಲ್ಲು ಬರ್ತಿದೆ, ದಾರಿ ಬಿಡು," ಎಂದಳು ಕೆಂಚವ್ವ. ಒಂದೇ ಒಂದು ಸಲವೂ ರೆಕ್ಕೆ ಬಡಿಯದೆ ಹೋಗಿ ತುದಿ ಕೊಂಬೆ ಹಿಡಿದಳು.

ಕಡ್ಡಿಗಳನ್ನು ಜೋಡಿಸಿ ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿತು, ಮೊಟ್ಟೆ ಬಂದಿತು. ದುಂಡಗೆ, ಬೆಚ್ಚಗೆ. ತೇಕುತ್ತ ಬಂದ ನಿಂಗಿ ಅದನ್ನು ಇಣುಕಿ ನೋಡಿ, "ನಮ್ಮ ಅಣ್ಣನ ತಲೆಯ ಹಾಗೇ ಇದೆ" ಎಂದಳು. ನಕ್ಕು ನಕ್ಕು ಇಬ್ಬರಿಗೂ ಮರ ಹಿಡಿದುಕೊಳ್ಳಬೇಕಾಯಿತು.

"ಆ ಎರಡನೇ ಕೊಂಬೆ ನಿನ್ನದು," ಎಂದಳು ಕೆಂಚವ್ವ. "ನಾಳೆಯಿಂದ ಬಿಸಿಗಾಳಿ ಯಾರಿಗೆ ಸಿಕ್ಕರೂ ಬಚ್ಚಿಡಬಾರದು. ನೋಡಿದವರು ಬರಲಿ. ಆದರೆ ಮೊದಲು ಬಂದವರು ಸುತ್ತಿದ ಕಡೆಗೇ ಸುತ್ತಬೇಕು."

ಮೊಟ್ಟೆಯೊಡೆದು ಬಂದ ಮರಿಗೂ, ಅದು ಹಾರುವ ಮೊದಲೇ, ಅವಳು ಇದನ್ನೇ ಕಲಿಸಿದಳು. ಆ ಮರಿ ತನ್ನ ಮರಿಗೆ ಕಲಿಸಿತು.

ಅದಕ್ಕೇ ಕಂದ, ಇವತ್ತಿಗೂ, ಮಧ್ಯಾಹ್ನ ನೀನು ಉಣ್ಣದೆ ಅಂಗಳದ ತುಂಬ ನನ್ನನ್ನು ಓಡಾಡಿಸುವ ಹೊತ್ತಿಗೆ ತಲೆಯೆತ್ತಿ ನೋಡಿದರೆ, ಬಿಸಿಲಿನಲ್ಲಿ ಒಂದು ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಿರುತ್ತದೆ, ಸ್ವಲ್ಪ ಹೊತ್ತಿಗೆ ಎಲ್ಲಿಂದಲೋ ಇನ್ನೊಂದು ಬಂದು ಸೇರುತ್ತದೆ, ಅದರ ಹಿಂದೆ ಮತ್ತೊಂದು, ಮತ್ತು ಎಲ್ಲವೂ ಮೊದಲು ಬಂದದ್ದು ಸುತ್ತಿದ ಕಡೆಗೇ ಸುತ್ತುತ್ತ, ಸುತ್ತುತ್ತ, ಮೇಲೇರುತ್ತವೆ.