ತೊಲೆಗೆ ಕಟ್ಟಿದ ಸಾಕ್ಷಿ

“ಗುರುಗಳೇ, ಯಾರಿಗೂ ಕೇಡು ಮಾಡದ ಸುಳ್ಳಿನಿಂದ ಏನು ನಷ್ಟ?”

ಶಿಷ್ಯ ಆಗಷ್ಟೇ ಭಿಕ್ಷೆಯಿಂದ ಬಂದಿದ್ದ. ಜೋಳಿಗೆ ತುಂಬಿತ್ತು. ‘ಮಠದಲ್ಲಿ ಒಂದು ಹಿಡಿ ಅಕ್ಕಿಯೂ ಇಲ್ಲ, ತಾಯೀ’ ಎಂದು ಪ್ರತಿ ಬಾಗಿಲಲ್ಲೂ ಹೇಳಿದ್ದ. ಮಠದ ಕಣಜದಲ್ಲಿ ಮುಂದಿನ ಸುಗ್ಗಿಯವರೆಗೆ ಸಾಲುವಷ್ಟು ಭತ್ತವಿತ್ತು. ತಾನು ಹಾಗೆ ಹೇಳಿದ್ದನ್ನು ಅವನು ಗುರುಗಳಿಂದ ಮುಚ್ಚಿಡಲಿಲ್ಲ, ಸ್ವಲ್ಪ ಹೆಮ್ಮೆಯಿಂದಲೇ ತಿಳಿಸಿದ.

ಗುರುಗಳು ನಕ್ಕರು. “ಜಾಣ ಕಣಯ್ಯ ನೀನು. ಕೂತುಕೋ. ನಿನ್ನಂಥವನೇ ಒಬ್ಬ ಜಾಣನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಒಂದೂರಿನಲ್ಲಿ ಒಬ್ಬ ಬಡಗಿ ಇದ್ದ. ಒಳ್ಳೆಯ ಕೈ. ಸುತ್ತಿನ ಊರುಗಳ ಬಾಗಿಲು, ತೊಟ್ಟಿಲು, ನೇಗಿಲು ಎಲ್ಲ ಅವನವೇ. ಸಂಪಾದನೆಗೆ ಏನೂ ಕೊರತೆಯಿರಲಿಲ್ಲ. ಆದರೆ ಯಾರಾದರೂ ‘ಹೇಗಿದೆಯಪ್ಪಾ ಸಂಪಾದನೆ?’ ಎಂದರೆ ಸಾಕು, ಮುಖ ಸಣ್ಣದು ಮಾಡಿಕೊಂಡು, ‘ಏನು ಸಂಪಾದನೆ, ಹೊಟ್ಟೆಗಾದರೆ ಬಟ್ಟೆಗಿಲ್ಲ’ ಎನ್ನುತ್ತಿದ್ದ. ಕಲ್ಲೇಟು ತಪ್ಪಿಸಿಕೊಳ್ಳಬಹುದು, ಕಣ್ಣೇಟು ತಪ್ಪಿಸಿಕೊಳ್ಳಲಾಗದು ಎಂದು ಅವನ ತಾಯಿ ಹೇಳಿಕೊಟ್ಟಿದ್ದಳು. ಕ್ಷೌರಿಕನಿಗೂ ಅದೇ ಮಾತು, ನೆರೆಯವನಿಗೂ ಅದೇ ಮಾತು. ಸಾಲ ಕೇಳಲು ಬಂದ ಭಾವಮೈದುನನಿಗಂತೂ ಎರಡು ಸಲ ಅದೇ ಮಾತು.

ಅದೇ ಊರಿನ ಒಬ್ಬ ವರ್ತಕನ ಉಗ್ರಾಣದಲ್ಲಿ ಅಟ್ಟಕ್ಕೆ ಗೆದ್ದಲು ಹಿಡಿದಿತ್ತು. ವರ್ತಕನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳದೆ ಬಡಗಿಯನ್ನು ಮೇಲೆ ಹತ್ತಿಸಿದ. ಅಟ್ಟ ಕುಸಿಯಿತು. ಬಡಗಿಯ ಬಲಗೈ ಜಜ್ಜಿಹೋಯಿತು. ಇನ್ನು ಉಳಿ ಹಿಡಿಯುವ ಹಾಗಿಲ್ಲ ಎಂದರು ವೈದ್ಯರು. ಮನೆಯಲ್ಲಿ ಹೆಂಡತಿ, ಮೂರು ವರ್ಷದ ಮಗಳು.

ಹೆಂಡತಿ ನ್ಯಾಯಾಧಿಕಾರಿಗೆ ದೂರು ಕೊಟ್ಟಳು. ತಪ್ಪು ವರ್ತಕನದೇ ಎಂದು ತೀರ್ಮಾನವೂ ಆಯಿತು. ಆದರೆ ಆ ರಾಜ್ಯದ ಕಟ್ಟಳೆ ಕೇಳು. ಪೆಟ್ಟು ತಿಂದವನು ತಾನು ವರ್ಷಕ್ಕೆ ಎಷ್ಟು ದುಡಿಯುತ್ತಿದ್ದೆ ಎಂಬುದಕ್ಕೆ ಸಾಕ್ಷಿ ತರಬೇಕು. ಸಾಕ್ಷಿ ಎಷ್ಟು ಹೇಳುತ್ತದೋ ಅಷ್ಟನ್ನು ತಪ್ಪು ಮಾಡಿದವನು ವರ್ಷ ವರ್ಷವೂ ಕೊಡಬೇಕು.

ಚಾವಡಿಯ ಮುಂದೆ ಊರಿಗೆ ಊರೇ ನೆರೆಯಿತು. ಮೊದಲು ಕ್ಷೌರಿಕನನ್ನು ಕರೆದರು. ಪಾಪ, ಅವನಿಗೆ ಬಡಗಿಯ ಮೇಲೆ ಪ್ರೀತಿಯೇ. ಆದರೆ ಪ್ರಮಾಣ ಮಾಡಿ ಸುಳ್ಳು ಹೇಳುವುದು ಹೇಗೆ? ‘ಹೊಟ್ಟೆಗಾದರೆ ಬಟ್ಟೆಗಿಲ್ಲ ಅಂತಿದ್ದ, ಸ್ವಾಮಿ’ ಎಂದ. ನೆರೆಯವನೂ ಅದನ್ನೇ ಹೇಳಿದ. ಭಾವಮೈದುನ ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿದ.

ವರ್ತಕ ಎದ್ದು ಕೈಮುಗಿದ. ‘ಹೊಟ್ಟೆಗಾಗುವಷ್ಟು ಕೊಡುತ್ತೇನೆ, ಸ್ವಾಮಿ. ಬಟ್ಟೆಗೆ ಮೊದಲೂ ಇರಲಿಲ್ಲವಂತಲ್ಲ.’

ಜನ ನಕ್ಕುಬಿಟ್ಟರು. ಬಡಗಿ ತಲೆ ತಗ್ಗಿಸಿದ. ತಾನಾಡಿದ ಮಾತೇ ಮಗಳ ಅನ್ನಕ್ಕೆ ಕಲ್ಲು ಹಾಕುತ್ತಿತ್ತು. ನಾಚಿಕೆಗೋ ಸಂಕಟಕ್ಕೋ ಅವನ ಕಣ್ಣಲ್ಲಿ ನೀರು ಬಂತು.

ನ್ಯಾಯಾಧಿಕಾರಿ ಕೇಳಿದ: ‘ಎಲ್ಲರಿಗೂ ಇಲ್ಲ ಇಲ್ಲ ಅಂದೆಯಲ್ಲಯ್ಯ. ಒಬ್ಬರಿಗಾದರೂ ನಿಜ ಹೇಳಿದ್ದುಂಟೆ?’

ಹಿಂದಿನಿಂದ ಹೆಂಡತಿ ಕೂಗಿ ಹೇಳಿದಳು: ‘ಒಬ್ಬನಿದ್ದಾನೆ, ಸ್ವಾಮಿ. ಮನೆಯಲ್ಲಿ ತೊಲೆಗೆ ಕಟ್ಟಿದ್ದೇವೆ.’

ಹೇಳಿದವಳೇ ಓಡಿದಳು. ಅವಳ ಹಿಂದೆ ಅರ್ಧ ಊರು ಓಡಿತು. ಒರಳಿನ ಮೇಲೆ ಹತ್ತಿ, ತೊಲೆಗೆ ಕಟ್ಟಿದ್ದ ಗಂಟನ್ನು ಬಿಚ್ಚಿ ಸೆರಗಿನಲ್ಲಿ ಹೊತ್ತು, ಏದುಸಿರು ಬಿಡುತ್ತ ಬಂದಳು. ಹೊಗೆ ಹಿಡಿದ ಹಳದಿ ಬಟ್ಟೆಯ ಗಂಟು. ದೇವರ ಮುಡಿಪು.

‘ಮಗಳು ಹುಟ್ಟಿದ ದಿನ ಮನೆದೇವರಿಗೆ ಹರಕೆ ಹೊತ್ತೆವು, ಸ್ವಾಮಿ. ಹತ್ತು ನಾಣ್ಯ ಬಂದರೆ ಒಂದು ಇದಕ್ಕೆ. ಅಂದಿನಿಂದ ಹಾಕಿದ್ದೇ ಹೊರತು ಒಂದನ್ನೂ ತೆಗೆದಿಲ್ಲ.’

ಬಿಚ್ಚಿದರು. ನಾಣ್ಯಗಳು ಚಾವಡಿಯ ಮೆಟ್ಟಿಲವರೆಗೆ ಉರುಳಿದವು. ಭಾವಮೈದುನ ಬಾಯಿ ಬಿಟ್ಟುಕೊಂಡು ನೋಡಿದ. ವರ್ತಕ ಬೆವೆತುಹೋದ. ‘ಹತ್ತಕ್ಕೆ ಒಂದೇ ಹಾಕಿದ್ದಾನೆಂದು ಏನು ನಂಬಿಕೆ? ಹೆಚ್ಚು ಹಾಕಿರಬಹುದು’ ಎಂದ.

‘ದೇವರಿಗೆ ಕಡಿಮೆ ಹಾಕುವವರನ್ನು ಬೇಕಾದಷ್ಟು ಕಂಡಿದ್ದೇನೆ, ಸಾಹುಕಾರರೇ. ಹೆಚ್ಚು ಹಾಕುವವರನ್ನು ನೀವು ಕಂಡಿದ್ದೀರಾ?’ ಎಂದ ನ್ಯಾಯಾಧಿಕಾರಿ.

ವರ್ತಕ ತನ್ನ ಮನೆಯ ಮುಡಿಪನ್ನು ನೆನೆದು ಕೂತುಬಿಟ್ಟ. ನ್ಯಾಯಾಧಿಕಾರಿ ಲೆಕ್ಕ ಹಾಕಿಸಿದ. ಮೂರು ವರ್ಷದ ದುಡಿಮೆ ಕಣ್ಣೆದುರಿಗೇ ಇತ್ತು. ತೀರ್ಪು ಬಡಗಿಯ ಪರವಾಗಿ ಬಂತು. ಹೆಂಡತಿ ಮಗಳನ್ನು ಎತ್ತಿಕೊಂಡು ಸಂತೋಷಕ್ಕೆ ಅತ್ತುಬಿಟ್ಟಳು.

ಶಿಷ್ಯ ಕೂತಲ್ಲೇ ಪುಟಿದ. “ಗೆದ್ದನಲ್ಲ ಗುರುಗಳೇ! ಹಾಗಾದರೆ ಸುಳ್ಳಿನಿಂದ ನಷ್ಟವೇನಾಯಿತು?”

“ಅವನ ಮನೆಯಲ್ಲಿ ಒಂದು ಗಂಟಿತ್ತು, ಗೆದ್ದ” ಎಂದರು ಗುರುಗಳು. “ನಾಳೆ ನಮ್ಮ ಕಣಜಕ್ಕೆ ಬೆಂಕಿ ಬಿದ್ದರೆ, ಅದೇ ಬಾಗಿಲುಗಳಲ್ಲಿ ನಿಂತು ನೀನು ಹೊಸದಾಗಿ ಏನು ಹೇಳುತ್ತೀ?”